ಸೊಕ್ಕಿ ಬೆಳೆದ ಚಕ್ಕೋತ

ಇಲ್ಲಿ ಗಿಡ ಸೊಕ್ಕಿ ಬೆಳೆದರೆ ಎಚ್ಚರಿಕೆ ಕೊಡುತ್ತಾರೆ. ಬಾದಾಮಿ ಕಡೆಯ ಗುಡೂರಿನ ಎರೆಹೊಲಗಳ ನಡುವೆ ಬೆಳೆದ ನನಗೆ ಇದನ್ನು ನಂಬಲು ಒಂದು ಇಡೀ ಬೇಸಿಗೆ ಬೇಕಾಯಿತು.

ಉತ್ತರ ಇಂಗ್ಲೆಂಡಿನ ಈ ಊರಿಗೆ ನಾನು ಆಸ್ಪತ್ರೆಯ ನರ್ಸಾಗಿ ಬಂದವಳು. ನಮ್ಮ ಬಾಡಿಗೆ ಮನೆ ಮೂರನೇ ಮಹಡಿಯಲ್ಲಿದೆ, ಕಾಲಿಗೆ ಮಣ್ಣು ತಾಗುವ ಮಾತೇ ಇಲ್ಲ. ಆದರೆ ಇಲ್ಲಿ ಅಲಾಟ್‌ಮೆಂಟ್ ಅನ್ನುವ ಪದ್ಧತಿ ಇದೆ. ಊರಂಚಿನ ಬಯಲನ್ನು ತುಂಡು ತುಂಡು ಮಾಡಿ, ಮಣ್ಣಿಲ್ಲದವರಿಗೆ ಕಾಯಿಪಲ್ಲೆ ಬೆಳೆದುಕೊಳ್ಳಲು ಕೊಡುತ್ತಾರೆ. ಸರದಿ ಕಾದು ಕಾದು ನಮಗೂ ಒಂದು ತುಂಡು ಸಿಕ್ಕಿತು. ದಿನವಿಡೀ ವಾರ್ಡಿನಲ್ಲಿ ಬೇರೆಯವರ ಭಾಷೆ ಮಾತಾಡಿ ದವಡೆ ನೋಯುತ್ತಿತ್ತು. ಮಣ್ಣಿನ ಜೊತೆ ಯಾವ ಭಾಷೆಯನ್ನೂ ಆಡಬೇಕಿರಲಿಲ್ಲ. ಬೇಲಿಯ ಗೇಟಿನ ಕೀಲಿಕೈ ಕೈಗೆ ಬಂದ ದಿನ ನಾನು ಅತ್ತುಬಿಟ್ಟೆ.

ಮೆಂತ್ಯ, ಕೊತ್ತಂಬರಿ ಚೆಲ್ಲಿದೆ. ಅವುಗಳ ನಡುವೆ ಯಾರೂ ಬಿತ್ತದೆ ಎದ್ದು ಬಂದದ್ದು ಚಕ್ಕೋತ ಸೊಪ್ಪು! ನಮ್ಮ ಕಡೆ ಹೆಂಗಸರು ಹೊಲದಲ್ಲಿ ಕಸ ತೆಗೆಯುವಾಗ ಎಲ್ಲವನ್ನೂ ಕಿತ್ತೊಗೆಯುವುದಿಲ್ಲ. ಪಲ್ಲೆಗೆ ಬರುವುದನ್ನು ಬಿಡುತ್ತಾರೆ, ತುದಿ ಚಿವುಟಿ ಉಡಿ ತುಂಬಿಕೊಂಡು ಮನೆಗೆ ಬರುತ್ತಾರೆ. ನಾನೂ ಹಾಗೇ ಮಾಡಿದೆ. ಚಿವುಟಿದಷ್ಟೂ ಕವಲೊಡೆದು ಅದು ಸೊಂಟದೆತ್ತರಕ್ಕೆ ಬಂತು. ಬೇಳೆ ಹಾಕಿ ಕುದಿಸಿ, ರೊಟ್ಟಿ ಬಡಿದೆ.

“ಖರೇನ ನಮ್ಮ ಚಕ್ಕೋತನ ಐತಲ್ಲ ಇದು! ಇಷ್ಟ ದೂರ ಹೆಂಗ ಬಂತು?” ಅಂದ ನನ್ನ ಗಂಡ ಸಂಗಪ್ಪ.

“ನಾವು ಹೆಂಗ ಬಂದ್ವಿ? ಹಂಗ” ಅಂದೆ. ಆ ವಾರ ಭಾಳ ಖುಷಿಯಲ್ಲಿದ್ದೆ.

ಮುಂದಿನ ವಾರ ತೋಟಗಳ ಸಂಘದ ಕಾರ್ಯದರ್ಶಿ ಮಾರ್ಗರೆಟ್ ಬಂದರು. ಒಳ್ಳೆಯ ಹೆಂಗಸು, ಹಿಂದೊಮ್ಮೆ ನನಗೆ ಗುದ್ದಲಿ ಕೊಟ್ಟವರು. ನನ್ನ ಚಕ್ಕೋತ ನೋಡಿ ತುಟಿ ಬಿಗಿಹಿಡಿದು, “ಓವರ್‌ಗ್ರೋನ್” ಅಂದರು. ಮಿತಿಮೀರಿ ಬೆಳೆದದ್ದು ಅಂತ ಅರ್ಥ. ತಿಂಗಳೊಳಗೆ ತೆಗೆಯದಿದ್ದರೆ ಜಾಗ ಸರದಿಯಲ್ಲಿ ಕಾಯುತ್ತಿರುವ ಬೇರೆಯವರಿಗೆ ಹೋಗುತ್ತದಂತೆ.

“ಇದನ್ನು ನಾವು ತಿನ್ನುತ್ತೇವೆ” ಅಂದೆ.

“ಇರಬಹುದು. ಆದರೆ ಇದು ಕಳೆ. ಬೀಜ ಉದುರಿದರೆ ಎಲ್ಲರ ತೋಟಕ್ಕೂ ಬರುತ್ತದೆ.”

ಪಕ್ಕದ ತುಂಡಿನಲ್ಲಿ ತುರಿಕೆಗಿಡ, ಮುಳ್ಳುಬಳ್ಳಿ ಕುತ್ತಿಗೆಯ ತನಕ ಹೆಣೆದುಕೊಂಡಿದ್ದವು. ಕೈ ಮಾಡಿ ತೋರಿಸಿದೆ.

“ಓ, ಅದು ವೈಲ್ಡ್. ಜೇನುಹುಳಕ್ಕೆಂದು ಬಿಟ್ಟದ್ದು” ಅಂದರು.

ಮೈಯೆಲ್ಲ ಉರಿಯಿತು. ದಟ್ಟ ಹಸಿರಿಗೆ ಇವರ ಬಳಿ ಎಷ್ಟೊಂದು ಶಬ್ದ! ಮನಸ್ಸಿಗೆ ಬಂದರೆ ಲಶ್. ಬೇಕೆಂದೇ ಬಿಟ್ಟಿದ್ದರೆ ವೈಲ್ಡ್. ಮುಳ್ಳುಕಂಟಿ ಒತ್ತಾಗಿದ್ದರೆ ಥಿಕೆಟ್, ಕುರುಚಲಾಗಿದ್ದರೆ ಸ್ಕ್ರಬ್. ನೋಡಿ ಹೇಸಿಗೆಯಾದರೆ ರ‍್ಯಾಂಕ್. ವಾರ್ಡಿನಲ್ಲಿ ನೋವಿಗೆ ಇರುವ ಇಂಗ್ಲಿಷ್ ಶಬ್ದಗಳನ್ನು ಕಷ್ಟಪಟ್ಟು ಕಲಿತಿದ್ದೆ, ಅವುಗಳಿಂದ ರೋಗಿಗೆ ಉಪಕಾರವಾಗುತ್ತಿತ್ತು. ಈ ಶಬ್ದಗಳು ಗಿಡವನ್ನು ನೋಡುವ ಮೊದಲು ಗಿಡ ಯಾರದೆಂದು ನೋಡುತ್ತವೆ ಅಂತ ನನಗೆ ಅವತ್ತು ಅನಿಸಿತು, ಇವತ್ತಿಗೂ ಅನಿಸುತ್ತದೆ. ನಮ್ಮ ಕಡೆ ಜಾಲಿಕಂಟಿಗೆ, ಕರಿಕೆಗೆ ಬೈಗುಳ ಇದೆ ನಿಜ. ಆದರೆ ಬಾದಾಮಿಯ ಬಂಡೆಯ ಸಂದಿಯಲ್ಲಿ ಒಂದು ಸಸಿ ಎದ್ದರೂ ನಿಂತು ನೋಡುವ ಜನ ನಾವು. ಹಸಿರು ಹೆಚ್ಚಾಯಿತು ಅಂತ ತಕರಾರು ಮಾಡಿದವರನ್ನು ನಾನು ಕಂಡಿರಲಿಲ್ಲ.

“ಕಿತ್ತ ಒಗಿ. ಜಾಗಾ ಆದ್ರೂ ಉಳೀತೈತಿ” ಅಂದ ಸಂಗಪ್ಪ.

“ಕಿತ್ತ ಮ್ಯಾಲ ನನಗ ಆ ಜಾಗಾ ಯಾಕ ಬೇಕ?”

ಆದರೂ ಕಿತ್ತೆ. ಜಾಗ ಬಿಡುವ ಧೈರ್ಯ ನನಗಿರಲಿಲ್ಲ. ಮಾರ್ಗರೆಟ್ ಬಂದು ಬೋಳು ಸಾಲುಗಳನ್ನು ನೋಡಿ, “ಟೈಡಿ, ಬಹಳ ಟೈಡಿ” ಅಂತ ಭುಜ ತಟ್ಟಿದರು. ಅಚ್ಚುಕಟ್ಟು ಅಂತ. ಕೇಳಿ ಖುಷಿಯಾಯಿತು. ಖುಷಿಯಾಯಿತಲ್ಲ ಅಂತ ಮತ್ತೆ ಸಿಟ್ಟು ಬಂತು. ಆಮೇಲೆ ಯಾರೂ ಹೇಳದಿದ್ದರೂ ನಾನೇ ಹೋಗಿ ಕೀಳತೊಡಗಿದೆ. ಎರಡೆಲೆ ಕಂಡರೂ ಬೇರಿಗೇ ಕೈ ಹಾಕುತ್ತಿದ್ದೆ.

ಹೋದ ಚಳಿಗಾಲದಲ್ಲಿ ರಜೆಗೆ ಗುಡೂರಿಗೆ ಹೋದೆ. ಅಣ್ಣನ ಹೆಂಡತಿ ನೀಲವ್ವ ವೈನಿಯ ಜೊತೆ ಕಡಲೆ ಹೊಲಕ್ಕೆ ನಡೆದೆ. ಬದುವಿನ ಪಕ್ಕದ ಸಾಲುಗಳಲ್ಲಿ ಚಕ್ಕೋತ, ಹಕ್ಕರಿಕೆ ಪಲ್ಲೆ ಒತ್ತೊತ್ತಾಗಿ ಬೆಳೆದಿದ್ದವು. ಚಪ್ಪಲಿ ಬಿಡುವ ಮೊದಲೇ ನನ್ನ ಬಾಯಿಂದ ಬಂತು:

“ಏನ್ರಿ ವೈನಿ, ಎಷ್ಟ ಕಸಾ ಬಿಟ್ಟೀರಿ!”

ವೈನಿ ತಟ್ಟನೆ ನನ್ನ ಮುಖ ನೋಡಿದಳು.

“ಕಸಾ? ನೀ ಬರ್ತಿ ಅಂತ ಅಷ್ಟೂ ಸಾಲ ಬಿಟ್ಟೇನಿ. ನಿಮ್ಮಣ್ಣ ದಿನಾ ಬೈತಾನ. ಚಕ್ಕೋತ ಅಂದ್ರ ಜೀವಾ ಬಿಡತಿದ್ದೆಲ್ಲ ನೀ?”

ಸಾಲಿನತ್ತ ಬಗ್ಗಿದೆ. ಅವಳ ಉಡಿಗೆ ಒಂದು ಹಿಡಿಯಾದರೂ ಹಾಕೋಣ ಅಂತ ಕೈ ನೀಡಿದೆ. ಗಿಡ ಬೇರುಸಹಿತ ಎದ್ದು ಬಂತು.

“ಅಯ್ಯ, ತುದಿ ಚೂಟವಾ” ಅಂದಳು ವೈನಿ ಮೆಲ್ಲಗೆ. “ಬೇರ ಯಾಕ ಕೀಳ್ತಿ?”