ದೊರೆಸಾನಿಗೆ ಆರತಿ, ಅಧ್ಯಕ್ಷೆಗೆ ಹಿಂದಿನ ಕೋಣೆ

"ಮೇಡಂ, ಆ ಒಂದು ಮಾತು ಬುಟ್ಬುಡಿ. ಕನ್ನಡದಲ್ಲಿ ಏಳ್ಬ್ಯಾಡಿ."

ಮೈಕಿನ ಮುಂದೆ ನಿಂತಿದ್ದ ನನ್ನ ಕಿವಿಯ ಹತ್ತಿರ ಬಾಗಿ ಹೀಗೆ ಪಿಸುಗುಟ್ಟಿದವರು ಗ್ರಾಮ ಪಂಚಾಯಿತಿಯ ಉಪಾಧ್ಯಕ್ಷ ಕೃಷ್ಣೇಗೌಡರು. ಎದುರಿಗೆ ಶಾಮಿಯಾನದ ತುಂಬ ಜನ. ಪಕ್ಕದಲ್ಲಿ ಯುರೋಪಿನ ಒಂದು ರಾಜಮನೆತನದ ಡಚೆಸ್. ಆಕೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಗೌಡರ ಹಣೆಯ ಮೇಲೆ ಬೆವರಿತ್ತು. ಗೌಡರು ಬೆವರುವಂಥ ಮಾತು ಏನಿದ್ದೀತು? ಹೇಳುತ್ತೇನೆ, ಮೊದಲಿನಿಂದಲೇ ಹೇಳುತ್ತೇನೆ.

ಹುಣಸೂರಿನಿಂದ ವೀರನಹೊಸಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರು. (ಹೆಸರು ಬೇಡ. ಬರೆದರೆ ನಾಳೆಯಿಂದ ಆ ರೂಟಿನ ಬಸ್ಸು ಹತ್ತುವುದು ನನಗೆ ಕಷ್ಟ.) ಊರ ಸುತ್ತ ಹೊಗೆಸೊಪ್ಪಿನ ಹೊಲ, ಮನೆ ಮನೆಗೂ ಸೊಪ್ಪು ಬೇಯಿಸುವ ಗೂಡು, ಅಲ್ಲಿನವರ ಬಾಯಲ್ಲಿ ಬ್ಯಾರನ್ನು. ಆ ಊರಿಗೆ ಒಂದು ಹೆರಿಗೆ ಮನೆ ಬೇಕಿತ್ತು. ಪರದೇಶದ ಒಂದು ಸೇವಾ ಸಂಸ್ಥೆ ಕಟ್ಟಿಸಿಕೊಟ್ಟಿತು. ಆ ಸಂಸ್ಥೆಗೆ ಈ ಡಚೆಸ್ ಪೋಷಕಿ. ಹಾಗಾಗಿ ಬಾಗಿಲು ತೆರೆಯಲು ಆಕೆಯೇ ಬರುತ್ತಾರೆ ಎಂದಾಯಿತು. ಹುಣಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳುವ ತಪ್ಪಿಗೆ ನನಗೆ ಕರೆ ಬಂತು.

ಡಚೆಸ್ ಎಂದರೆ ಯಾರು? ಊರಿನವರು ಕೇಳಿದರು. ರಾಜನ ತಮ್ಮನ ಹೆಂಡತಿ ಎಂದೆ. ಹುಟ್ಟಿದ್ದು ಡಾಕ್ಟರೊಬ್ಬರ ಮನೆಯಲ್ಲಿ. ಮದುವೆಯಾದದ್ದಕ್ಕೆ ಪದವಿ ಬಂತು. "ಅಂಗಾರೆ ದೊರೆಸಾನಿ ಅನ್ನಿ" ಎಂದರು ಕೃಷ್ಣೇಗೌಡರು. ಅಲ್ಲಿಗೆ ಹೆಸರು ನಿಂತಿತು.

ದೊರೆಸಾನಿ ಬರುವುದಕ್ಕೆ ಎರಡು ದಿನ ಮುಂಚೆ ನನ್ನ ಮನೆಗೆ ಒಬ್ಬ ಹೆಂಗಸು ಬಂದರು. ನಲವತ್ತೈದರ ಆಸುಪಾಸು. ಕೈಯಲ್ಲಿ ಹೊಗೆಸೊಪ್ಪಿನ ಅಂಟು ಇನ್ನೂ ಪೂರ್ತಿ ಹೋಗಿರಲಿಲ್ಲ. ಹೆಸರು ಚಿಕ್ಕತಾಯಮ್ಮ. ಆ ಪಂಚಾಯಿತಿಯ ಅಧ್ಯಕ್ಷೆ.

ಅಧ್ಯಕ್ಷೆ ಎಂದರೆ ಗಂಡನ ಹಿಂದೆ ಸೆರಗು ಹೊದ್ದು ಕೂರುವ ಅಧ್ಯಕ್ಷೆ ಎಂದುಕೊಳ್ಳಬೇಡಿ. ಸೀಟು ಲೇಡೀಸ್‌ಗೆ ಬಂದಾಗ ನಮ್ಮ ಕಡೆ ಗಂಡಂದಿರೇ ಅಧ್ಯಕ್ಷರಾಗುವುದು ನಿಮಗೆ ಗೊತ್ತು. ಚಿಕ್ಕತಾಯಮ್ಮನಿಗೆ ಆ ಕಾಟವಿಲ್ಲ. ಗಂಡ ತೀರಿಹೋಗಿ ಎಷ್ಟೋ ಕಾಲವಾಗಿದೆ. ಬ್ಯಾರನ್ನಿಗೆ ಸೌದೆ ಒಟ್ಟುವುದರಿಂದ ಹಿಡಿದು ಹರಾಜಿನಲ್ಲಿ ಸೊಪ್ಪು ಮಾರುವ ತನಕ ಎಲ್ಲ ಆಕೆಯದೇ. ನಾದಿನಿ ಹೆರಿಗೆ ನೋವಿನಲ್ಲಿ ಹುಣಸೂರಿನ ದಾರಿಯಲ್ಲಿ, ಟ್ರ್ಯಾಕ್ಟರಿನಲ್ಲೇ ಜೀವ ಬಿಟ್ಟಳಂತೆ. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದವರು ಚಿಕ್ಕತಾಯಮ್ಮ. ಅಂದಿನಿಂದ ಒಂದೇ ಹಟ, ಊರಿಗೊಂದು ಹೆರಿಗೆ ಮನೆ. ಮೈಸೂರಿಗೆ ಅಲೆದು, ಆಫೀಸುಗಳ ಮುಂದೆ ಕೂತು, ಕೊನೆಗೆ ಜಾಗ ಇಲ್ಲ ಎಂದಾಗ ರಸ್ತೆ ಪಕ್ಕದ ಸ್ವಂತ ಹೊಲದಲ್ಲೇ ಒಂದು ಮೂಲೆ ಬರೆದುಕೊಟ್ಟರು. ಆ ಕಟ್ಟಡ ನಿಂತಿರುವುದು ಆಕೆಯ ಹೊಲದ ಮೇಲೆ.

"ಒಂದೇ ಒಂದು ಇಂಗ್ಲೀಸು ಮಾತು ಕಲ್ಸಿ ಮೇಡಂ" ಎಂದರು. "ನಾನೇ ಕೈ ಇಡ್ದು ಬಾಗ್ಲತಂಕ ಕರ್ಕೊಂಡೋಯ್ತೀನಿ. ಬನ್ನಿ ಅಂತ ಬಾಯ್ತುಂಬ ಕರೀಬೇಕಲ್ವಾ?"

ವೆಲ್ಕಮ್ ಟು ಅವರ್ ವಿಲೇಜ್. ನಡುಮನೆಯಲ್ಲಿ ಕೂತು ಹೇಳಿ ಹೇಳಿ ಅಭ್ಯಾಸ ಮಾಡಿದರು. ಕಾಫಿ ಆರಿಹೋದದ್ದೂ ಆಕೆಗೆ ತಿಳಿಯಲಿಲ್ಲ. ಬಸ್ಸಿಗೆ ಹೊರಟವರು ಗೇಟಿನ ಹತ್ತಿರ ನಿಂತು ಇನ್ನೊಮ್ಮೆ ಹೇಳಿ, ನಾಚಿ, ನಕ್ಕು ಹೋದರು.

ಆ ದಿನ ಬಂತು. ನಾನು ಊರು ಮುಟ್ಟಿದಾಗ ರಸ್ತೆಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಮಾವಿನ ತೋರಣ, ವಾಲಗ, ವಿಡಿಯೋದವನ ಲೈಟು, ಎಲ್ಲ ಇತ್ತು. ಅಧ್ಯಕ್ಷೆ ಕಾಣಲಿಲ್ಲ.

"ಚಿಕ್ಕತಾಯಮ್ಮ ಎಲ್ಲಿ?" ಎಂದು ಗೌಡರನ್ನು ಕೇಳಿದೆ.

"ಒಳಗವ್ರೆ ಮೇಡಂ. ಅಡುಗೆ ಕಡೆ ನೋಡ್ಕತಾವ್ರೆ."

"ಸ್ವಾಗತ ಮಾಡಬೇಕಾದವರು ಅವರಲ್ಲವೇ?"

ಗೌಡರು ಅತ್ತಿತ್ತ ನೋಡಿದರು. "ಶುಭಕಾರ್ಯ ನೋಡಿ. ಎರಿಗೆ ಮನೆ ಬ್ಯಾರೆ. ಬಸುರಿ ಬಾಣಂತೀರು ಬರೋ ಜಾಗ. ಗಂಡ ಇಲ್ದೋರು ಮುಂದ್ಗಡೆ ನಿಂತ್ರೆ ನಾಳೆ ಜನ ಏನಂದಾರು? ಅವ್ರೇ ಬ್ಯಾಡ ಅಂದ್ರು."

ಅವರೇ ಬೇಡ ಅಂದರು! ಈ ಮಾತನ್ನು ನೀವೂ ಕೇಳಿರುತ್ತೀರಿ. ಮದುವೆ ಮನೆಯ ಮೂಲೆಯಲ್ಲಿ ಕೂತ ಅತ್ತೆಯ ಬಗ್ಗೆ, ಸೀಮಂತಕ್ಕೆ ಬಾರದ ಅಕ್ಕನ ಬಗ್ಗೆ. ಯಾರೂ ಅವರನ್ನು ತಳ್ಳಿರುವುದಿಲ್ಲ. ಬಾಗಿಲಲ್ಲಿ ಸುಮ್ಮನೆ ಹತ್ತು ಜನ ನಿಂತು ನೋಡುತ್ತಾರೆ, ಅಷ್ಟೇ. ಆಮೇಲೆ ಅವರೇ ಬೇಡ ಅನ್ನುತ್ತಾರೆ.

ನಾನು ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕಾರುಗಳು ಬಂದವು.

ದೊರೆಸಾನಿ ಇಳಿದರು. ತೆಳ್ಳಗಿನ ಎತ್ತರದ ಹೆಂಗಸು. ಗಿಳಿಹಸಿರು ಉಡುಪು, ಕೊರಳಲ್ಲಿ ಮುತ್ತಿನ ಸರ, ಹೂವಿನ ಟೊಪ್ಪಿ, ಬಾಯ್ತುಂಬ ನಗು. ನಮ್ಮವರಿಗೆ ಮುತ್ತೈದೆ ಎನ್ನಲು ಇನ್ನೇನು ಬೇಕು? ಯಾರೂ ವಿಚಾರಿಸಲಿಲ್ಲ. ವಿಚಾರಿಸುವುದು ಉಂಟೆ? ನಾನೂ ಕೇಳಿರಲಿಲ್ಲ, ಕೇಳಬೇಕೆಂದು ತೋಚಿಯೂ ಇರಲಿಲ್ಲ.

ಗೌಡರ ಹೆಂಡತಿ ರತ್ನಮ್ಮನವರು ಕೆಂಪು ನೀರಿನ ತಟ್ಟೆ ಹಿಡಿದು ಆರತಿ ಎತ್ತಿದರು. ಹಣೆಗೆ ಕುಂಕುಮ ಇಟ್ಟರು, ಕಾಸಿನಗಲ. ಕೈಗೆ ಹಸಿರು ಗಾಜಿನ ಬಳೆ ತೊಡಿಸಿದರು. ಆಮೇಲೆ ಮಡ್ಲಕ್ಕಿ. ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು, ರವಿಕೆ ಕಣ. ಸೆರಗೇ ಇಲ್ಲದವರಿಗೆ ಮಡಿಲು ತುಂಬುವುದು ಹೇಗೆ? ಗೌಡರ ಹೆಗಲ ಮೇಲಿದ್ದ ರೇಷ್ಮೆ ಶಾಲನ್ನೇ ಆಕೆಯ ಸೊಂಟಕ್ಕೆ ಸುತ್ತಿ ಅದರಲ್ಲೇ ತುಂಬಿದರು. ಹೆಂಗಸರು ಸೋಬಾನೆ ಹೇಳಿದರು. ಆಕೆ ಕದಲಲಿಲ್ಲ. ಅಕ್ಕಿಯ ಭಾರಕ್ಕೆ ಶಾಲು ಜಾರುತ್ತಿದ್ದರೂ ನಗು ಮಾತ್ರ ಜಾರಲಿಲ್ಲ.

ಆ ನಗುವಿನ ಬಗ್ಗೆ ಒಂದು ಮಾತು. ರಾಜಮನೆತನದ ಸೊಸೆ ಎಂದರೆ ರಜೆಯಿಲ್ಲದ ನೌಕರಿ ಎಂದು ನನಗೆ ಆವತ್ತು ತಿಳಿಯಿತು. ಬಿಸಿಲಿನಲ್ಲಿ ನಿಲ್ಲಬೇಕು, ನೀರು ಕೇಳಬಾರದು. ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ತಿನ್ನಬಾರದು. ಎಲ್ಲರ ಕೈ ಕುಲುಕಬೇಕು, ಯಾವುದಕ್ಕೂ ಅಭಿಪ್ರಾಯ ಹೇಳಬಾರದು. ಹಿಂದೆಯೇ ಒಬ್ಬಳು ಸೆಕ್ರೆಟರಿ, ವಾಚು ನೋಡುತ್ತ, ಹೂವಿನ ಗುಚ್ಛಗಳನ್ನು ಆಕೆಯ ಕೈಯಿಂದ ಕಳಚಿಕೊಳ್ಳುತ್ತ. ನಮ್ಮ ಕಡೆಯ ದೊಡ್ಡಮನೆ ಸೊಸೆಯರಿಗೆ ಇದು ಹೊಸದೇನಲ್ಲ. ಈಕೆಗೆ ಒಡವೆ ಮಾತ್ರ ಸ್ವಲ್ಪ ಜಾಸ್ತಿ.

ಭಾಷಣ ಶುರುವಾಯಿತು. ಡಚೆಸ್ ಒಂದೊಂದೇ ವಾಕ್ಯ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ನಿಮ್ಮ ಊರು ಚೆಂದ, ನಿಮ್ಮ ಪ್ರೀತಿ ದೊಡ್ಡದು, ಇತ್ಯಾದಿ. ಆಮೇಲೆ ಆಕೆ ಹೇಳಿದರು: ಈ ಕೆಲಸ ನನ್ನ ದಿವಂಗತ ಪತಿಗೆ ಬಹಳ ಇಷ್ಟವಾಗಿತ್ತು. ಅವರು ಹೋದ ಮೇಲೆ ಅವರ ಜಾಗದಲ್ಲಿ ನಾನು ಬಂದಿದ್ದೇನೆ.

ಎಸ್ಸೆಸ್ಸೆಲ್ಸಿ ದಾಟಿದ ಗೌಡರಿಗೆ ಅಷ್ಟು ಇಂಗ್ಲಿಷ್ ಬರುತ್ತದೆ. ಕುರ್ಚಿಯಿಂದ ಎದ್ದು ಬಂದವರೇ ಕಿವಿಯಲ್ಲಿ ಅಂದದ್ದು ಆ ಮಾತು: ಬುಟ್ಬುಡಿ.

ಬಿಡಲಿಲ್ಲ. ಯಾಕೆ ಬಿಡಬೇಕು? "ತೀರಿಹೋದ ನನ್ನ ಗಂಡ" ಎಂದು ಬಿಡಿಸಿ ಹೇಳಿದೆ. ಹಿಂದೆ ಕೂತವರಿಗೆ ಕೇಳಿಸಿರಲಿಕ್ಕಿಲ್ಲ ಎಂದು ಇನ್ನೊಮ್ಮೆ ಹೇಳಿದೆ.

ರತ್ನಮ್ಮನವರ ಕೈ ತನ್ನಷ್ಟಕ್ಕೆ ತಾಳಿಯ ಮೇಲೆ ಹೋಯಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು "ಅಯ್ಯೋ ಶಿವನೆ, ಬಳೆ ತೊಡ್ಸ್‌ಬುಟ್ರಲ್ಲಾ!" ಎಂದರು. ವೇದಿಕೆಯ ಮೇಲೆ ದೊರೆಸಾನಿ ಹಣೆಯ ತುಂಬ ಕುಂಕುಮ ಇಟ್ಟುಕೊಂಡು, ಕೈಯ ಬಳೆ ಸರಿಮಾಡಿಕೊಳ್ಳುತ್ತ, ಎಲ್ಲರನ್ನೂ ನೋಡಿ ನಗುತ್ತಿದ್ದರು.

ಈಗ ಏನಾಗಬೇಕು ಹೇಳಿ? ಗಂಡ ಇಲ್ಲದವಳು ಮುಂದೆ ನಿಂತರೆ ಅಶುಭ ಎನ್ನುವುದಾದರೆ ಅಶುಭ ಆಗಿಹೋಯಿತು. ಆಗಿಲ್ಲ ಎನ್ನುವುದಾದರೆ ಅಧ್ಯಕ್ಷೆಯನ್ನು ಒಳಗೆ ಕೂರಿಸಿದ್ದೇಕೆ? ಎರಡರಲ್ಲಿ ಒಂದು ನಿಜ ಆಗಬೇಕಲ್ಲ. ಭಾಷಣ ಮುಗಿದಾಗಿನ ಚಪ್ಪಾಳೆಯ ನಡುವೆ ಗೌಡರನ್ನು ಇದನ್ನೇ ಕೇಳಿದೆ.

ಅಷ್ಟರಲ್ಲಿ ಗೌಡರು ಸುಧಾರಿಸಿಕೊಂಡಿದ್ದರು. ಪಕ್ಕದಲ್ಲಿ ಪೂಜೆಗೆ ಬಂದಿದ್ದ ಅಯ್ಯನವರೂ ಇದ್ದರು. "ಅರಸು ಮನೆತನಕ್ಕೆ ದೋಷ ಇಲ್ಲಮ್ಮ" ಎಂದು ಅವರು ಆಗಲೇ ತೀರ್ಪು ಕೊಟ್ಟಾಗಿತ್ತು.

"ಹಾಗಾದರೆ ಈಗಲಾದರೂ ಅಧ್ಯಕ್ಷರನ್ನು ವೇದಿಕೆಗೆ ಕರೀರಿ."

"ಅದೇ ಬ್ಯಾರೆ, ಇದೇ ಬ್ಯಾರೆ ಕಣ್ರೀ ಮೇಡಂ" ಎಂದರು ಗೌಡರು. ನಕ್ಕೇ ಹೇಳಿದರು. ಕೆಟ್ಟ ಮನುಷ್ಯನಲ್ಲ ಅವರು. ಬಸುರಿಯರಿಗೆ ಕಷ್ಟ ಬಂದರೆ ರಾತ್ರಿಹೊತ್ತಿನಲ್ಲೂ ತಮ್ಮ ಟ್ರ್ಯಾಕ್ಟರು ಕಳಿಸುವವರು. ನನ್ನ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ. ಕೆಟ್ಟವರ ಜೊತೆ ಜಗಳ ಆಡಬಹುದು, ಇಂಥ ಒಳ್ಳೆಯವರ ಜೊತೆ ಏನು ಮಾಡುತ್ತೀರಿ?

ಟೇಪು ಕತ್ತರಿಸಿದರು. ಕತ್ತರಿಯ ತಟ್ಟೆ ಹಿಡಿದವರು ರತ್ನಮ್ಮನವರೇ. ಒಳಗೆ ಬಿಳಿ ಸುಣ್ಣ, ಹೊಸ ಮಂಚ, ಫಿನಾಯಿಲ್ ವಾಸನೆ. ಡಚೆಸ್ ಒಂದೊಂದು ಕೋಣೆ ನೋಡುತ್ತ ಹಿಂದಿನ ಹೆರಿಗೆ ಕೋಣೆಗೆ ಬಂದರು. ಕೋಣೆ ಚಿಕ್ಕದೆಂದು ಗೌಡರನ್ನೂ ಉಳಿದವರನ್ನೂ ಸೆಕ್ರೆಟರಿ ಬಾಗಿಲ ಆಚೆಯೇ ನಿಲ್ಲಿಸಿದಳು. ಅಲ್ಲಿ, ಮಂಚದ ಪಕ್ಕದಲ್ಲಿ, ಒಗೆದ ಸೀರೆಯುಟ್ಟು ಚಿಕ್ಕತಾಯಮ್ಮ ನಿಂತಿದ್ದರು. ಅಡುಗೆ ಕಡೆ ಹೋಗಿರಲೇ ಇಲ್ಲ. ಇಷ್ಟು ಹೊತ್ತೂ ಗೋಡೆಯ ಈಚೆ ನಿಂತು ವಾಲಗ, ಆರತಿ, ಭಾಷಣ ಎಲ್ಲ ಕೇಳಿಸಿಕೊಂಡಿದ್ದರು.

ಕೈಮುಗಿದು, ಗಂಟಲು ಸರಿಮಾಡಿಕೊಂಡು, ಕಲಿತದ್ದನ್ನು ಒಂದಕ್ಷರ ಬಿಡದೆ ಹೇಳಿದರು: "ವೆಲ್ಕಮ್ ಟು ಅವರ್ ವಿಲೇಜ್."

ಊರು ನೋಡಿ ಹೊರಡುವ ಹೊತ್ತಿನಲ್ಲಿ ಸ್ವಾಗತ! ನನಗೆ ಅಳು ಬಂತು.

ಇವರು ಯಾರು ಎಂದು ಡಚೆಸ್ ಕೇಳಿದರು. ಈ ಪಂಚಾಯಿತಿಯ ಅಧ್ಯಕ್ಷೆ, ನೀವು ನಿಂತಿರುವ ನೆಲ ಕೊಟ್ಟವರು ಎಂದೆ. ಮತ್ತೆ ಹೊರಗೆ ಯಾಕೆ ಕಾಣಲಿಲ್ಲ ಎಂದರು. ಗಂಡ ಇಲ್ಲದ್ದಕ್ಕೆ ಎಂದೆ. ನಿಮ್ಮನ್ನು ಮುತ್ತೈದೆ ಎಂದುಕೊಂಡರು, ಅದಕ್ಕೇ ಆ ಕುಂಕುಮ, ಆ ಬಳೆ ಎಂದು ಅದನ್ನೂ ಹೇಳಿಬಿಟ್ಟೆ.

ಮೊದಲ ಸಲ ಆ ನಗು ಹೋಯಿತು. ಆಕೆ ಬಳೆ ನೋಡಿಕೊಂಡರು. ಬಾಗಿಲ ಕಡೆ ಒಮ್ಮೆ ನೋಡಿ, ನನಗೆ ಮಾತ್ರ ಕೇಳುವಂತೆ ಅಂದರು: ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಪತಿ ತೀರಿಕೊಂಡ ಮೇಲೆ ಅರಮನೆಯ ಸಮಾರಂಭಗಳಲ್ಲಿ ನನ್ನ ಕುರ್ಚಿ ಹಿಂದಿನ ಸಾಲಿಗೆ ಹೋಯಿತು, ಅಷ್ಟೇ. ಇಂಥ ದೂರದ ಊರುಗಳಿಗೆ ಮಾತ್ರ ಈಗ ನನ್ನನ್ನೇ ಕಳಿಸುತ್ತಾರೆ.

ಈಗ ಈಕೆ ಏನಾದರೂ ಮಾಡುತ್ತಾರೆ ಎಂದುಕೊಂಡೆ. ಚಿಕ್ಕತಾಯಮ್ಮನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗುತ್ತಾರೆ. ವೇದಿಕೆಯ ಮೇಲೆ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಅಷ್ಟು ಸಾಕಿತ್ತು. ದೊರೆಸಾನಿ ಮಾಡಿದ್ದನ್ನು ಇಲ್ಲ ಎನ್ನುವ ಗಂಡಸು ಆ ಶಾಮಿಯಾನದಲ್ಲಿ ಒಬ್ಬನೂ ಇರಲಿಲ್ಲ.

ಸೆಕ್ರೆಟರಿ ಸಣ್ಣಗೆ ಕೆಮ್ಮಿದಳು. ಸ್ಥಳೀಯ ಪದ್ಧತಿಗಳ ವಿಷಯಕ್ಕೆ ನಾವು ಹೋಗುವಂತಿಲ್ಲ ಎಂದು ನೆನಪಿಸಿದಳು. ಆಮೇಲೆ ವಾಚು ತೋರಿಸಿದಳು.

ನಗು ಮತ್ತೆ ಬಂದು ಕೂತಿತು. ಡಚೆಸ್ ಚಿಕ್ಕತಾಯಮ್ಮನ ಕೈ ಕುಲುಕಿ, ಕಟ್ಟಡ ಬಹಳ ಸುಂದರವಾಗಿದೆ ಎಂದರು. ಹೊರಟುಹೋದರು. ಕಾಡಿನಲ್ಲಿ ಆನೆ ನೋಡುವ ಕಾರ್ಯಕ್ರಮವಿತ್ತಂತೆ. ಸೊಸೆಯಾದವಳು ಮನೆತನದ ಮರ್ಯಾದೆ ಉಳಿಸಿದಳು. ಯಾವ ದೇಶದ್ದಾದರೇನು, ಸೊಸೆಯರಿಗೆ ಹೇಳಿಕೊಡುವ ಪಾಠ ಒಂದೇ.

ಜನ ಕಾರಿನ ಹಿಂದೆ ಓಡಿದರು, ಆಮೇಲೆ ಊಟಕ್ಕೆ ಓಡಿದರು. ನಾನು ಆ ಕೋಣೆಯಲ್ಲೇ ಉಳಿದೆ. ಚಿಕ್ಕತಾಯಮ್ಮ ಹೊಸ ಮಂಚದ ಮೇಲಿನ ಹಾಸಿಗೆಯ ಸುಕ್ಕು ತೆಗೆಯುತ್ತಿದ್ದರು. ಸಮಾಧಾನಕ್ಕೆ ಏನೋ ಹೇಳಲು ಹೋದೆ. ಆಕೆಗೆ ಸಮಾಧಾನ ಬೇಕಿರಲಿಲ್ಲ. ಲೆಕ್ಕ ಸರಿಯಾಗದೆ ಕೂತವರ ಹಾಗೆ ಹುಬ್ಬು ಗಂಟಿಕ್ಕಿದ್ದರು.

"ಮೈಕಲ್ಲಿ ಏಳಿದ್ರಲ್ಲ, ಅವ್ರ ಯಜಮಾನ್ರೂ ಇಲ್ವಂತೆ?"

"ಇಲ್ಲ."

"ಆದ್ರೂ ಅವ್ರೂರಲ್ಲಿ ಇನ್ನೂ ದೊರೆಸಾನಿ ಅಂತ್ಲೇ ಕರೀತಾರಾ?"

"ಹೌದು. ಮದುವೆಯಲ್ಲಿ ಬಂದ ಪದವಿ. ಸಾಯುವ ತನಕ ಇರುತ್ತದೆ."

ಹಾಸಿಗೆಯ ಮೇಲೆ ಆಡುತ್ತಿದ್ದ ಕೈ ನಿಂತಿತು.

"ಅವ್ರಿಗೆ ಗಂಡ ಕೊಟ್ಟ ಪದ್ವಿ, ಗಂಡ ತೀರ್ಕಂಡ್ರೂ ಉಳೀತು. ನಂಗೆ ಗಂಡ ಕೊಟ್ಟಿದ್ದಲ್ಲ ಕಣ್ರೀ ಮೇಡಂ, ಇದೇ ಊರು ಓಟಾಕಿ ಕೊಟ್ಟಿದ್ದು. ಅದ್ನ ಯಾಕೆ ಗಂಡ ಇಲ್ಲ ಅಂತ ಕಿತ್ಕೊಂಡ್ರು?"