ಮುಚ್ಚಬೇಕಿದ್ದ ಬಾವಿ ಕೂಗಿದ್ದು

ಆ ಸಂಜೆ ನಿಜವಾಗಿ ಏನಾಯಿತೆಂದು ಈಗ ಖಾತ್ರಿಯಿಂದ ಹೇಳಲಾರೆ. ನೆನಪು ಎಷ್ಟು ಸುಲಭವಾಗಿ ಸುಳ್ಳು ಹೇಳುತ್ತದೆ ಎಂಬುದು ನನಗೆ ಗೊತ್ತು. ದೆವ್ವ, ಪವಾಡ ಎಂದವರ ಎದುರಿಗೇ ನಗುತ್ತಿದ್ದವನು ನಾನು. ಇವತ್ತಿಗೂ ನಂಬುವುದಿಲ್ಲ. ನಂಬದೆಯೇ ಇದನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ, ವಿಶ್ವವಿದ್ಯಾಲಯದ ಸಂಶೋಧನೆಗಾಗಿ ಸೇಡಂ, ಚಿಂಚೋಳಿ ಕಡೆಯ ಬಾವಿಗಳಲ್ಲಿ ನೀರಿನ ಮಟ್ಟ ಅಳೆಯುತ್ತಿದ್ದೆ. ಸಾಧನ ಬಹಳ ಸರಳ: ಚಕ್ರಕ್ಕೆ ಸುತ್ತಿದ ಟೇಪು, ತುದಿಗೆ ಲೋಹದ ಗುಂಡು, ಚಕ್ರದ ನಡುವೆ ಬ್ಯಾಟರಿ ಹಾಕುವ ಪುಟ್ಟ ಡಬ್ಬಿ. ಗುಂಡು ನೀರು ಮುಟ್ಟಿದರೆ ಚಕ್ರ ಪೀಂ ಎನ್ನುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ.

ಆ ಬೇಸಿಗೆಯ ಕೊನೆಯ ಸುತ್ತಿನಲ್ಲಿ ಮೊದಲ ಬಾವಿ ಕುರಕುಂಟಾದ ಆಚೆಯ ಒಂದು ಹಳ್ಳಿಯದು. ಓಣಿಗೆ ರಸ್ತೆ ಮಾಡಲು ಅದನ್ನು ಫರಸಿ ಕಲ್ಲಿನ ಪುಡಿ ಸುರಿದು ಮುಚ್ಚಬೇಕೆಂದು ಊರವರು ಮಾತಾಡಿಕೊಂಡಿದ್ದರು. ಬಾವಿ ಸತ್ತಿದೆ ಎಂದು ನಾವು ಬರೆದರೆ ಮುಗಿಯಿತು. ಬಾವಿಯೆದುರಿನ ಮನೆಯ ಚಾಂದಬೀ ಮಾತ್ರ ಒಪ್ಪಿರಲಿಲ್ಲ. ನಲ್ಲಿ ಕೈಕೊಟ್ಟಾಗ ಓಣಿಗೆ ಅದೊಂದೇ ಆಸರೆ. ಬೇಸಿಗೆಯಲ್ಲಿ ಕೊಡಕ್ಕೆ ಕೆಸರು ಬಂದರೂ ಒಳಗೆ ಸೆಲೆ ಬದುಕಿದೆ, ಮಳೆ ಬಿದ್ದರೆ ತುಂಬುತ್ತದೆ ಎಂಬುದು ಅವಳ ವಾದ.

ಬಾವಿಯ ಬಾಯಿಗೆ ಫರಸಿ ಚಪ್ಪಡಿ ಹಾಸಿ, ಕೊಡ ಇಳಿಯುವಷ್ಟು ಕಿಂಡಿ ಬಿಟ್ಟಿದ್ದರು. ತಳ ಕಾಣುತ್ತಿರಲಿಲ್ಲ. ಹೊತ್ತು ಇಳಿಯುತ್ತಿತ್ತು. ಟೇಪು ಬಿಟ್ಟೆ. ಚಕ್ರ ಪೀಂ ಎಂದು ಕೂಗಿತು. ಕೂಗುತ್ತಲೇ ಇತ್ತು. ಅಷ್ಟೇ ಅಲ್ಲ, ಹರಿಯುವ ನೀರಿಗೆ ಸಿಕ್ಕಂತೆ ಟೇಪು ಒಂದು ಪಕ್ಕಕ್ಕೆ ಜಗ್ಗಿತು. ನಿಂತ ನೀರಿನ ಬಾವಿಯಲ್ಲಿ ಹಾಗಾಗಬಾರದು.

"ಅಲ್ರೀ ಸರ, ನಿಮ್ಮ ಡಬ್ಬಿ ಒದರಲಿಕತ್ತದ, ನೀವ್ಯಾಕ ಬಾಯಿ ತಕ್ಕೊಂಡು ನಿಂತೀರಿ? ಬರಕೋರಿ!" ಎಂದಳು ಚಾಂದಬೀ.

ಬರೆದುಕೊಂಡೆ. ಟೇಪು ಮೇಲೆಳೆದು ಗುಂಡನ್ನು ಬಟ್ಟೆಯಿಂದ ಒರೆಸಿದೆ. ಒದ್ದೆಯಾಗಿತ್ತೆಂದು ಒರೆಸಿದೆನೋ, ಪ್ರತಿ ಸಲದ ಅಭ್ಯಾಸಕ್ಕೆ ಒರೆಸಿದೆನೋ, ಎಷ್ಟು ತಡಕಾಡಿದರೂ ನೆನಪಾಗುವುದಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಪ್ರಾಧ್ಯಾಪಕರು ಜೀಪಿನಲ್ಲಿ ಬಂದರು. ಅವರ ಎದುರು ಟೇಪು ಇಳಿಸಿದೆ. ಸದ್ದಿಲ್ಲ. ಗುಂಡಿಗೆ ಹಸಿ ಕೆಸರು ಮೆತ್ತಿತ್ತು. "ಕೆಸರು ನೀರಲ್ಲಪ್ಪ. ಬತ್ತಿದೆ ಅಂತ ಬರಿ" ಎಂದರು.

"ದೊಡ್ಡ ಸಾಹೇಬರ್ನ ನೋಡಿ ಡಬ್ಬಿಗಿ ನಾಚಿಕಿ ಬಂತೇನು? ನಿನ್ನಿ ಭಾಳ ಒದರಿತ್ತಲ್ಲ! ನಾ ಏನ್ ಕಿವುಡಿ ಏನ್ರಿ?" ಎಂದು ಚಾಂದಬೀ ಜೀಪಿಗೆ ಅಡ್ಡ ನಿಂತಳು. ನನ್ನಂತೆ ಅವಳೂ ಕೇಳಿಸಿಕೊಂಡಿದ್ದಳು.

ಅಲ್ಲಿಂದ ಸುಲೇಪೇಟೆಗೆ ಹೋದೆವು. ಕಣ್ಣಿಗೆ ನೀರು ಕಾಣುವ ಬಾವಿ. ಅಲ್ಲಿಯೂ ಚಕ್ರ ಮೂಕ. ಮುಚ್ಚಳ ತೆಗೆದೆ. ಒಳಗೆ ಬ್ಯಾಟರಿಯೇ ಇರಲಿಲ್ಲ. ರಾತ್ರಿ ಸೇಡಂನ ಕೋಣೆಯಲ್ಲಿ ಎಲ್ಲೋ ಬಿದ್ದಿರಬೇಕು ಎಂದುಕೊಂಡೆ.

"ಹಾಗಾದರೆ ಎರಡೂ ದಿನದ್ದು ಕೈಬಿಡು" ಎಂದರು ಪ್ರಾಧ್ಯಾಪಕರು. ನಾನು ಬಿಡಲಿಲ್ಲ. ಬೆಳಗಿನ ಮೌನ ಸುಳ್ಳಾದರೆ ಸಂಜೆಯ ಕೂಗು ಯಾಕೆ ಸುಳ್ಳಾಗಬೇಕು? ಸೆಲೆ ಇದೆ ಎಂದೇ ವರದಿ ಕೊಟ್ಟೆ. ಬಾವಿ ಉಳಿಯಿತು. ಮತ್ತೆ ಅಳೆಯಲು ಹೋಗುವಷ್ಟರಲ್ಲಿ ಮಳೆಯಾಗಿ ಸುತ್ತಲಿನ ಎಲ್ಲ ಬಾವಿಗಳಲ್ಲೂ ನೀರಿತ್ತು. ಅದರಿಂದ ಏನೂ ಸಾಬೀತಾಗಲಿಲ್ಲ. ನನ್ನ ಹೆಸರಿನ ಕೆಳಗಿನ ಆ ಅಳತೆಯನ್ನು ತೆಗೆಯಿರಿ ಎಂದು ಆಮೇಲೆಯೂ ಕೆಲವರು ಹೇಳಿದ್ದಾರೆ. ತೆಗೆದಿಲ್ಲ, ತೆಗೆಯುವುದಿಲ್ಲ. ವಿವರಣೆ ಕೇಳಬೇಡಿ, ನನ್ನ ಬಳಿ ಇಲ್ಲ.

ಒಂದನ್ನು ಮಾತ್ರ ವಿಚಾರಿಸಿ ಖಚಿತ ಮಾಡಿಕೊಂಡಿದ್ದೇನೆ. ಸೋರಿ ಹಾಳಾಗದಿರಲೆಂದು ಪ್ರತಿ ಸುತ್ತು ಮುಗಿದ ಮೇಲೆ ಬ್ಯಾಟರಿ ತೆಗೆದಿಡುವುದು ನಮ್ಮ ವಿಭಾಗದ ರೂಢಿ. ಅದರ ಹಿಂದಿನ ಸುತ್ತು ಮುಗಿದಾಗಲೂ ಸಹಪಾಠಿಯೊಬ್ಬ ತೆಗೆದಿಟ್ಟಿದ್ದ. ನಾನು ಕಲಬುರಗಿಯಲ್ಲಿ ಸೇಡಂ ಬಸ್ಸು ಹತ್ತುವ ಮೊದಲೇ ಅವು ಅವನ ಮೇಜಿನ ಡ್ರಾಯರಿನಲ್ಲಿದ್ದವು.