ಸಾಹೇಬರು ಮಡಚಿಟ್ಟ ಹಾಳೆ

ಕಳೆದ ಶುಕ್ರವಾರ ರಿಯಾದಿನ ಬತ್ಹಾ ಪೇಟೆಯಲ್ಲಿ ಸಿರಿಯಾದವನೊಬ್ಬನ ಅಂಗಡಿಯ ಮುಂದೆ ಹೋಗುತ್ತಿದ್ದಾಗ ಒಣಹುಲ್ಲು ಹುರಿದಂಥ ಕಹಿ ವಾಸನೆ ಮೂಗಿಗೆ ಬಡಿಯಿತು. ಮಾಟೆ ಎಂಬ ಸೊಪ್ಪಿನದು. ಬಿಸಿನೀರು ಹೊಯ್ದು ಕೊಳವೆಯಲ್ಲಿ ಹೀರುವ ಅದನ್ನು ನಮ್ಮೂರಿನವರು ಯಾರೂ ಕುಡಿಯುವುದಿಲ್ಲ. ನನಗೆ ಅದು ಗೊತ್ತಾದದ್ದು ದಿನವೂ ಅದನ್ನು ಕುಡಿಯುತ್ತಿದ್ದ ನಮ್ಮ ಸಾಹೇಬರಿಂದ. ಸೊಂಟನೋವಿನ ನೆಪ ಮಾಡಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ...

ಸಾಹೇಬರು ದಕ್ಷಿಣ ಅಮೆರಿಕದ ಒಂದು ಸಣ್ಣ ದೇಶದ ರಾಯಭಾರಿಯಾಗಿ ರಿಯಾದಿಗೆ ಬಂದವರು. ನಾನು ಅವರ ಗಾಡಿಯ ಡ್ರೈವರ್. ಮೊದಲು ಪತ್ರಕರ್ತರಾಗಿದ್ದರಂತೆ; ಸೈನ್ಯದ ಆಡಳಿತದ ಕಾಲದಲ್ಲಿ ಬರೆದದ್ದಕ್ಕೆ ಜೈಲಿಗೂ ಹೋಗಿದ್ದರು. ಆಮೇಲೆ ಚುನಾವಣೆ ನಡೆದು ಮಂತ್ರಿಯಾದರು. ಸ್ವಂತ ಪಕ್ಷದವರನ್ನೇ ಟೀಕಿಸಿದಾಗ ಅವರನ್ನು ಇಷ್ಟು ದೂರ ಕಳಿಸಿಬಿಟ್ಟರು. "ಮರಳುಗಾಡಿನಲ್ಲಿ ಬಾಯಿ ಒಣಗುತ್ತದೆ, ಸುಮ್ಮನಿರ್ತಾನೆ ಅಂದುಕೊಂಡರು," ಎಂದು ಅವರೇ ನಗುತ್ತಾ ಹೇಳಿದ್ದರು. ವಯಸ್ಸಾಗಿತ್ತು, ಮಂಡಿನೋವಿತ್ತು. ಪ್ರತಿ ಬೆಳಿಗ್ಗೆ ಗಾಡಿ ಹತ್ತಿದ ಕೂಡಲೇ ಊರಿನಲ್ಲಿರುವ ನನ್ನ ಹೆಂಡತಿಯ ಬಿಪಿ ಹೇಗಿದೆ ಎಂದು ಕೇಳುವರು. ನನ್ನ ಅರೆಬರೆ ಇಂಗ್ಲಿಷಿನ ಉತ್ತರವನ್ನು ಕೊನೆಯವರೆಗೂ ಕೇಳುವರು. ಅಷ್ಟು ಕಿವಿಗೊಟ್ಟವರು ಇಲ್ಲಿ ಬೇರೆ ಯಾರೂ ಸಿಗಲಿಲ್ಲ.

ಒಂದು ಬೇಸಿಗೆಯಲ್ಲಿ ಅವರ ದೇಶದಲ್ಲಿ ಗಣಿ ಕಾರ್ಮಿಕರ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಯಾರೂ ಸತ್ತಿಲ್ಲ ಎಂಬ ಹೇಳಿಕೆಯನ್ನು ಇಲ್ಲಿಯ ಪತ್ರಕರ್ತರ ಮುಂದೆ ಓದಬೇಕೆಂದು ಸಾಹೇಬರಿಗೆ ಆದೇಶ ಬಂತು. ಆದರೆ ಜನ ಸತ್ತಿದ್ದರು; ಅವರಲ್ಲಿ ಸಾಹೇಬರ ಹಳೆಯ ಪತ್ರಿಕೆಗೆ ಫೋಟೋ ತೆಗೆಯುತ್ತಿದ್ದ ಒಬ್ಬ ಹೆಂಗಸೂ ಇದ್ದಳು. ಅವಳಿಗೆ ಕೆಲಸ ಕಲಿಸಿದವರು ಇವರೇ.

ಪತ್ರಿಕಾಗೋಷ್ಠಿಗೆ ಹೋಗುವ ದಾರಿಯಲ್ಲಿ ಗಾಡಿ ನಿಲ್ಲಿಸಲು ಹೇಳಿದರು. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, "ನಾನು ಇದನ್ನು ಓದಲಾ?" ಎಂದು ಕೇಳಿದರು.

ಓದದೆ ಇವರ ಹುದ್ದೆ ಹೋದರೆ ಹೊಸಬರು ತಮ್ಮ ಡ್ರೈವರನ್ನು ಇಟ್ಟುಕೊಳ್ಳುತ್ತಾರೆ, ಇಲ್ಲಿ ಇರಲು ಬೇಕಾದ ನನ್ನ ಇಕಾಮಾ ಪರವಾನಗಿ ಏನಾಗುತ್ತದೋ... ನನ್ನ ತಲೆಯಲ್ಲಿ ಅದೊಂದೇ ಇತ್ತು. "ಓದಿಬಿಡಿ ಸರ್. ಎರಡು ನಿಮಿಷದ ಕೆಲಸ," ಅಂದೆ.

ಅವರು ಸಿಟ್ಟಾಗಲಿಲ್ಲ. "ನನಗೂ ಸುಸ್ತಾಗಿದೆ," ಅಂದರು. ಹಾಳೆಯನ್ನು ಕೈಗೆತ್ತಿಕೊಂಡು, "ಯಲ್ಲಾ, ಹೋಗೋಣ."

ನಾನು ಸಭೆಯ ಬಾಗಿಲಲ್ಲಿ ನಿಂತು ನೋಡಿದೆ. ಹಾಳೆಯನ್ನು ಪೂರ್ತಿ ಓದಿದರು. ಆಮೇಲೆ ನಾಲ್ಕಾಗಿ ಮಡಚಿ ಜೇಬಿಗಿಟ್ಟರು. "ಇದು ನನ್ನ ಸರ್ಕಾರ ಹೇಳುವುದು. ಇನ್ನು ನಾನು ಹೇಳುತ್ತೇನೆ," ಎಂದು ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಆ ಹೆಂಗಸಿನ ಹೆಸರು ಬಂದಾಗ ಮಾತು ನಿಲ್ಲಿಸಿ ನೀರು ಕುಡಿದರು.

ಮೂರನೇ ದಿನ ಅವರ ಹುದ್ದೆ ಹೋಯಿತು. ಅವರಿಗೆ ಕಚೇರಿಯ ಗಾಡಿ ಕೊಡಕೂಡದು ಎಂದು ರಾಯಭಾರ ಕಚೇರಿಯ ಕಾರ್ಯದರ್ಶಿ ನನ್ನಿಂದ ಕೀ ತೆಗೆದುಕೊಂಡರು. ಹೊರಡುವ ದಿನ ಟ್ಯಾಕ್ಸಿ ಬಂದಾಗ ಯಾರೂ ಬಾಗಿಲಿಗೆ ಬರಲಿಲ್ಲ. ನಾನಾದರೂ ಏರ್‌ಪೋರ್ಟಿನವರೆಗೆ ಜೊತೆಗೆ ಹೋಗಬಹುದಿತ್ತು. ಅಡುಗೆಮನೆಯಲ್ಲಿದ್ದ ಬಂಟ್ವಾಳದವನು ನನ್ನ ತೋಳು ಹಿಡಿದು, "ಸುಮ್ಮನಿರು ಮಾರಾಯ, ನಿನಗೆಂತ? ಹೊಸಬರು ಬರ್ತಾರೆ, ಗಾಡಿ ಓಡಿಸು," ಅಂದ. ನಾನು ಕಿಟಕಿಯಿಂದಲೇ ನೋಡಿದೆ. ಪುಸ್ತಕದ ಪೆಟ್ಟಿಗೆಗಳನ್ನು ಸಾಹೇಬರೇ ಎತ್ತಿಟ್ಟರು, ಆ ಮಂಡಿನೋವು ಇಟ್ಟುಕೊಂಡು...

ತಮ್ಮ ದೇಶಕ್ಕೆ ಹೋಗುವಂತಿರಲಿಲ್ಲ. ಪಕ್ಕದ ದೇಶದಲ್ಲಿ ಬಾಡಿಗೆ ಕೋಣೆ ಹಿಡಿದು ಮತ್ತೆ ಪತ್ರಿಕೆಗೆ ಬರೆಯುತ್ತಿದ್ದರಂತೆ. ಅಲ್ಲೇ ತೀರಿಕೊಂಡರು ಎಂದು ನನಗೆ ತಿಳಿದದ್ದು ಎಷ್ಟೋ ತಿಂಗಳಾದ ಮೇಲೆ, ಯಾರೋ ಮಾತಿನ ನಡುವೆ ಹೇಳಿದಾಗ.

ನನ್ನ ಕೆಲಸ ಉಳಿಯಿತು. ಈಗಲೂ ಅದೇ ಕಚೇರಿ.

ಅವರ ದೇಶದಲ್ಲಿ ಮತ್ತೆ ಸರ್ಕಾರ ಬದಲಾಗಿದೆ. ಗುಂಡಿಗೆ ಜನ ಸತ್ತದ್ದು ನಿಜ ಎಂದು ಹೊಸ ಸರ್ಕಾರ ಒಪ್ಪಿಕೊಂಡಿದೆ. ಮೊನ್ನೆ ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, ಸತ್ತವರ ಹೆಸರು ಓದಿ, ಒಂದು ನಿಮಿಷ ಮೌನ ಆಚರಿಸಿದರು. ಅದೇ ಕಾರ್ಯದರ್ಶಿ ತಲೆ ತಗ್ಗಿಸಿ ನಿಂತಿದ್ದರು. ಸಾಹೇಬರ ಹೆಸರನ್ನು ಯಾರೂ ಎತ್ತಲಿಲ್ಲ. ಮೌನ ಮುಗಿದ ಮೇಲಾದರೂ ನಾನೇ ಅವರ ಹೆಸರು ಹೇಳಬಹುದೆಂದು ಕಾದೆ. ಎಲ್ಲರೂ ಒಳಗೆ ಹೋದರು. ನಾನು ಒರೆಸುವ ಬಟ್ಟೆಯನ್ನು ಒದ್ದೆ ಮಾಡಿಕೊಂಡು ಗಾಡಿಯ ಕಡೆ ಹೋದೆ.